ನಮ್ಮ ಗಿಣಿಯ ನವಾಬಿ ಮೂಗು

ನಮ್ಮ ಶಹಾಬಜಾರದಾಗ ಯಾರ ಮನ್ಯಾಗ ಏನು ಕೆಟ್ರೂ ಒಂದ ಪದ್ಧತಿ. ಕಣ್ಣಾರೆ ನೋಡಿದವರ ಮಾತು ಒಬ್ಬರೂ ಕೇಳಂಗಿಲ್ಲ. ನೋಡದೇ ಇದ್ದವರು ಮಾತ್ರ ಸಾಲು ಹಚ್ಚಿ ಬಂದು ಔಷಧ ಹೇಳಿ ಹೋಗ್ತಾರ. ಬಾವಿ ನೀರು ಕೆಟ್ರೂ ಹಿಂಗ, ಎಮ್ಮಿ ಹಾಲು ಕಡಿಮಿ ಕೊಟ್ರೂ ಹಿಂಗ, ಸೊಸಿ ಮಾರಿ ಸಣ್ಣದಾದ್ರೂ ಹಿಂಗ. ನಾ ಈ ಓಣಿಗೆ ಸೊಸಿಯಾಗಿ ಬಂದು ಮುದುಕಿ ಆದೆ, ಇನ್ನಾ ಹಂಗ ನಡದದ. ಎಲ್ಲಾ ಹೇಳ್ಕೋಂತ ಕುಂತ್ರ ನಿಮಗೂ ಬ್ಯಾಸರ, ನನಗೂ ಗಂಟಲು ನೋವು. ಅದಕ್ಕ ನನ್ನ ಗಿಣಿ ಮೂಗಿಂದಷ್ಟು ಹೇಳ್ತೀನಿ. ನಿಜಾಮರ ಸರಕಾರ ಇದ್ದ ಕಾಲ, ನಾ ಆಗಿನ್ನಾ ಹೊಸಾ ಸೊಸಿ.

ಬಾಗಿದ್ದು ಬಾಗಿದಂಗ

ನನ್ನ ತವರು ಕಮಲಾಪುರ. ನಮ್ಮಪ್ಪಂದು ಕೆಂಪು ಬಾಳಿ ತೋಟ. ತೋಟದ ಅಂಚಿನ ಬೇವಿನಮರದ ಪೊಟರಿಯಿಂದ ಗಾಳಿಗೆ ಬಿದ್ದಿದ್ದ ಗಿಣಿಮರಿ ತಂದು ಸಾಕಿದ್ದೆ. ಲಗ್ನ ಆಗಿ ಗಂಡನ ಮನಿಗೆ ಹೊಂಟಾಗ ನಾ ಅಳಲಿಲ್ಲ ಅಂತ ಮಂದಿ ಭಾಳ ಮಾತಾಡಿದ್ರು. ಯಾಕ ಅಳಬೇಕು? ನನ್ನ ಗಿಣಿ ನನ್ನ ಬಗಲಾಗ ಇತ್ತು. ತವರಿಂದ ನಾ ತಂದ ವಸ್ತದಾಗ ನನ್ನದು ಅನ್ನೋದು ಅದೊಂದ. ಉಳಿದಿದ್ದೆಲ್ಲ ಬಂದ ದಿನಾನ ಅತ್ತಿ ಪೆಟ್ಟಿಗಿ ಸೇರಿತ್ತು.

ಗಂಡನ ಮನಿ ಅಂದ್ರ ಮುಂದ ಅರಿವಿ ದುಕಾನ, ಹಿಂದ ವಾಸ, ನಡುವ ಒಂದು ಪರದೆ. ಪರದೆ ಮುಂದ ನಮ್ಮ ಮಾವ, ನನ್ನ ಗಂಡ. ಹಿಂದ ನಮ್ಮ ಅತ್ತಿ, ನಾನು. ಗಿಣಿ ಮೊದಲು ಹಿಂದ ಇತ್ತು. ಅದಕ್ಕ ಮಾತು ಬರ್ತದ ಅಂತ ಗೊತ್ತಾದ ಕೂಡಲೇ ಮುಂದ ಹೋಯ್ತು. ರುಮಾಲು ಸುತ್ತಿದವರು ಬಂದ್ರ "ಶರಣ್ರೀ" ಅಂತಿತ್ತು, ಟೊಪಗಿ ಹಾಕ್ಕೊಂಡವರು ಬಂದ್ರ "ಆದಾಬ್ ಅರ್ಜ್" ಅಂತಿತ್ತು. ಬರಿತಲಿಲೆ ಬಂದವರಿಗೆ ಸುಮ್ಮನ ಕೂಡ್ತಿತ್ತು. ಬರಿತಲಿಯವರು ಅರಿವಿ ಮುಟ್ಟಿ ನೋಡಿ ಹೋಗ್ತಾರ, ತಗೋಳಂಗಿಲ್ಲ ಅನ್ನೋದು ನಮ್ಮ ಮಾವಗಿಂತ ಮೊದಲ ಅದಕ್ಕ ತಿಳದಿತ್ತು.

ಗಿಣಿಗೆ ಇಷ್ಟು ಮರ್ಯಾದಿ ಬಂದ ಮ್ಯಾಲ ಬಿದಿರಿನ ಪಂಜರ ನಡೀತದೇನು? ಊರಾಗ ನಾ ಹೆಣದಿದ್ದ ಬಿದಿರಿನ ಪಂಜರ ಅದು ಕಡದು ಕಡದು ಜರಡಿ ಮಾಡಿತ್ತು. ನನ್ನ ಗಂಡ ಅದನ್ನ ಒಲಿಗೆ ಹಾಕಿಸಿ, ಕಂಚಗಾರರಿಗೆ ಹೇಳಿ ಹಿತ್ತಾಳಿದು ಮಾಡಿಸಿದ್ರು. ಕಂಬಿ ಹಿತ್ತಾಳಿ, ಕೂಡೋ ಕೋಲು ಹಿತ್ತಾಳಿ, ಬಟ್ಟಲಾ ಹಿತ್ತಾಳಿ. ವಾರಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ಅದನ್ನ ತಿಕ್ಕೋ ಕೆಲಸ ನನಗ. ಊಟಾನೂ ಸಾಹುಕಾರರ ಊಟ. ಸೊಸಿ ತವರಿನ ಗಿಣಿ ಉಪವಾಸ ಇಟ್ರು ಅಂತ ನಾಳೆ ಬೀಗರು ಅನ್ನಬಾರದು ಅಂತ ನಮ್ಮ ಅತ್ತಿ ಹಾಲಿನಾಗ ನೆನಸಿದ ರೊಟ್ಟಿ, ಮಾದಲಿ, ಸಿಪ್ಪಿ ತಗದ ಶೇಂಗಾ, ಸಿಪ್ಪಿ ತಗದ ಕುಸುಬಿ, ಮ್ಯಾಲ ನಮ್ಮಪ್ಪ ಕಳಸಿದ ಕೆಂಪು ಬಾಳಿಹಣ್ಣು ಹಾಕ್ತಿದ್ರು. ನನಗ ಸೈತ ಅಷ್ಟು ಸಿಪ್ಪಿ ತಗದು ಯಾರೂ ಕೊಟ್ಟಿರಲಿಲ್ಲ.

ಪಂಜರ ತಿಕ್ಕೋವಾಗ ನಾ ನೋಡಿದೆ. ಮ್ಯಾಲಿನ ಕೊಕ್ಕು ಉದ್ದಾಗಿ, ತುದಿ ಒಳಗ ತಿರುಗಿ, ಗಂಟಲಿಗೆ ಹತ್ತಾಕತ್ತಿತ್ತು. ಮ್ಯಾಲೆಲ್ಲ ಹಳೇ ಗ್ವಾಡಿ ಸುಣ್ಣದಂಗ ಪದರು ಪದರು ಏಳಾಕತ್ತಿತ್ತು. ಶೇಂಗಾ ಹಿಡದ್ರ ಜಾರಿ ಕೆಳಗ ಬೀಳ್ತಿತ್ತು. ಬಾಳಿಹಣ್ಣು ಅಷ್ಟು ನೆಕ್ಕಿ ಬಿಡ್ತಿತ್ತು. ರೆಕ್ಕಿ ನೀವಿಕೊಳ್ಳಾಕ ಬರದ ಮೈಯೆಲ್ಲ ಮಾಸಿತ್ತು. ಕೈಯಾಗ ಹಿಡದ್ರ ಎದಿ ಎಲುಬು ಹತ್ತಿತು.

ಅತ್ತಿಗೆ ಹೇಳಿದೆ. ಅತ್ತಿ ಮಾವಗ ಹೇಳಿದ್ರು. ಮಾವ ಊಟ ಮಾಡ್ಕೋಂತ ಕೇಳಿದ್ರು, ತುತ್ತು ನುಂಗಿದ್ರು, ಆಮ್ಯಾಲ ತೀರ್ಪು ಕೊಟ್ರು.

"ಗಿಣಿ ಮೂಗು ಬಾಗಿರೋದ ಹಂಗ. ನೆಟ್ಟಗಿದ್ರ ಅದನ್ನ ಕಾಗಿ ಅಂತಾರ. ನಿನ್ನ ಸೊಸಿಗೆ ಹೇಳು."

ಒಂದು ಮಾತಿನ ಮರ್ಯಾದಿ

ದುಕಾನಿಗೆ ಕಚೇರಿ ಪೇಶ್ಕಾರರು ಬರ್ತಿದ್ರು. ದೊಡ್ಡ ಸಾಹೇಬರ ಮುಂದ ಕಾಗದ ಹಿಡಿಯೋ ಕೆಲಸ. ಸಾಹೇಬರಿಗಿಂತ ಅವರನ್ನ ಕಂಡ್ರ ಮಂದಿ ಹೆಚ್ಚು ಅಂಜತಿದ್ರು, ಯಾಕಂದ್ರ ಸಾಹೇಬರ ಕಣ್ಣಿಗೆ ಯಾವ ಕಾಗದ ಬೀಳಬೇಕು ಅನ್ನೋದು ಇವರ ಕೈಯಾಗ. ಒಂದಿನ ಶೇರವಾನಿಗೆ ಅರಿವಿ ನೋಡಾಕ ಬಂದವರು ಗಿಣಿ ಮುಂದ ನಿಂತುಬಿಟ್ರು.

"ವಾಹ್! ಕ್ಯಾ ನಾಕ್ ಹೈ! ಇದು ನವಾಬಿ ಮೂಗು ಸಾಹುಕಾರ್ರೇ. ಖಾನದಾನಿ, ದೊಡ್ಡ ಮನೆತನದ್ದು. ಇಂಥಾ ಉದ್ದನ್ನ ಮೂಗಿನ ಗಿಣಿ ನಾ ಹೈದರಾಬಾದಿನಾಗೂ ನೋಡಿಲ್ಲ."

ಮುಗೀತು. ಅವತ್ತಿಂದ ರೋಗಕ್ಕ ಖಾನದಾನ ಬಂತು. ಗಂಜ್ ಪ್ಯಾಟಿಯಿಂದ ಮಂದಿ ಮೂಗು ನೋಡಾಕ ಬಂದ್ರು, ಬಂದವರು ಬರಿಗೈಲೆ ಹೋಗಾಕ ನಾಚಿ ಒಂದು ತುಂಡು ಅರಿವಿ ತಗೊಂಡು ಹೋದ್ರು. ನನ್ನ ಗಂಡ ಅರಿವಿ ಅಳಿಯೋ ಗಜಾನ ತಗೊಂಡು ಕೊಕ್ಕಿನ ಪಕ್ಕ ಹಿಡದು ನೋಡೋದು, ತಲಿ ಆಡಿಸೋದು. "ಬೆಳ್ಯಾಕತ್ತದ" ಅಂತ ಎಷ್ಟು ಖುಷಿ! ಗಿಣಿ ಅಷ್ಟರಾಗ ಮಾತು ಬಿಟ್ಟಿತ್ತು. ಟೊಪಗಿ ಬಂದ್ರೂ ಇಲ್ಲ, ರುಮಾಲು ಬಂದ್ರೂ ಇಲ್ಲ.

"ಮಾತಾಡಂಗಿಲ್ಲಲ್ರಿ ಅದು" ಅಂತ ನಾ ಅತ್ತು ಹೇಳಿದೆ.

"ದೊಡ್ಡವರು ಕಡಿಮಿ ಮಾತಾಡ್ತಾರ" ಅಂದ್ರು ನನ್ನ ಗಂಡ.

ಇದಾದ್ರ ಇರ್ಲಿ. ಪೇಶ್ಕಾರರು ಮತ್ತೊಮ್ಮೆ ಬಂದು ಮತ್ತ ಹೊಗಳಿದ್ರು. ಆಗಿನ ಕಾಲದಾಗ ಒಂದು ತಹಜೀಬು ಇತ್ತು. ನಿಮ್ಮ ವಸ್ತ ಯಾರಾದ್ರೂ ಹೊಗಳಿದ್ರ "ಆಪ್ ಕೀ ನಜರ್ ಹೈ", ಅಂದ್ರ ತಗೋರಿ ಇದು ನಿಮ್ಮದ ಅಂತ ಅನ್ನಬೇಕು. ಎದುರಿನವರು ಕಿವಿ ಮುಟ್ಟಿಕೊಂಡು ಬ್ಯಾಡ ಬ್ಯಾಡ ಅನ್ನಬೇಕು. ಇಬ್ಬರೂ ನಕ್ಕು ಚಹಾ ಕುಡೀಬೇಕು. ನನ್ನ ಗಂಡ ಗಿರಾಕಿಗಳ ಬಾಯಿಂದ ಆ ಮಾತಿನ ಅರ್ಧಾ ಕಲ್ತಿದ್ರು. ಎದಿ ಮ್ಯಾಲ ಕೈ ಇಟ್ಟು, ಸ್ವಲ್ಪ ಬಾಗಿ, "ಆಪ್ ಕೀ ನಜರ್ ಹೈ ಹುಜೂರ್" ಅಂದ್ರು.

ಪೇಶ್ಕಾರರು ಕಿವಿ ಮುಟ್ಟಿಕೊಳ್ಳಲಿಲ್ಲ. "ಶುಕ್ರಿಯಾ. ದೊಡ್ಡ ಸಾಹೇಬರಿಗೆ ಗಿಣಿ ಅಂದ್ರ ಜೀವ. ಊರೂರು ದೌರಾಕ್ಕ ಹೊಂಟೀನಿ, ತಿರುಗಿ ಬಂದು ಒಯ್ದು ಅವರಿಗೆ ಕಾಣಿಕಿ ಕೊಡ್ತೀನಿ" ಅಂದು ಹೊಂಟೇಬಿಟ್ರು.

ಪರದೆ ಹಿಂದ ನನ್ನ ಕೈಯಾಗಿನ ತಾಟು ಬಿತ್ತು. ನನ್ನ ಗಿಣಿ ಉಳದ್ರ ಪೇಶ್ಕಾರರದು, ಸತ್ರ ನಂದು. ನನ್ನ ಗಂಡ ಮಾತ್ರ ಬಾಗಿದವರು ಬಾಗಿದಂಗ ನಿಂತಿದ್ರು, ನೆಟ್ಟಗಾದ್ರ ಮಾವ ಬೈತಾರ ಅಂತ.

ಹಕೀಮರ ಸಭ್ಯತನ

ಈಗ ಗಿಣಿ ಸಾಯೋದು ನನ್ನ ಗಂಡಗೂ ಬ್ಯಾಡಾಯ್ತು. ಸತ್ತಿದ್ದನ್ನ ಕಾಣಿಕಿ ಕೊಡಾಕ ಬರಂಗಿಲ್ಲಲ್ಲ. ಓಣಿ ತುದಿಯ ಹಕೀಮರ ಹತ್ರ ಹೋದ್ರು. ಗಿಣೀನ ಒಯ್ಯಲಿಲ್ಲ. ದುಕಾನದಾಗ ಗಿರಾಕಿ ನೋಡಾಕ ಬರ್ತಾರ, ಪಂಜರ ಖಾಲಿ ಇಡಬಾರದಂತ. ಬರೇ ಲಕ್ಷಣ ಒಯ್ದ್ರು.

ಹಕೀಮರು ಭಾಳ ಸಭ್ಯ ಮನಷ್ಯಾ. ಯಾರಾದ್ರೂ ಗಂಡಸರು ಬಂದು ಮನಿ ಜಡ್ಡಿನ ಮಾತು ತಗದ್ರ, ಯಾರಿಗೆ, ಏನು ಅಂತ ಕೇಳ್ತಿದ್ದಿಲ್ಲ. ಮತ್ತೊಬ್ಬರ ಮನಿ ಹೆಣ್ಣುಮಕ್ಕಳ ಸುದ್ದಿ ಕೆದಕಿ ಕೇಳೋದು ಶರೀಫರ ಲಕ್ಷಣ ಅಲ್ಲ. ನನ್ನ ಗಂಡಗ, ಊರಿಗೆಲ್ಲ ಗೊತ್ತಿರೋ ಗಿಣಿ, ಬ್ಯಾರೆ ಹೇಳೋದೇನು ಅನ್ನೋ ಧಿಮಾಕು.

"ಊಟ ಸೇರವಲ್ದು ಹಕೀಂ ಸಾಹೇಬ್. ಬಾಯಾಗ ಇಟ್ಟ ತುತ್ತು ಕೆಳಗ. ಮಾತಂತೂ ಬಂದ್. ಮುಂಜಾನಿಂದ ಸಂಜಿ ತನಕ ಒಂದ ಕಡೆ ಕುಂತಿದ್ದ ಕುಂತಿದ್ದು."

ಹಕೀಮರು ಕಣ್ಣು ಮುಚ್ಚಿ ಕೇಳಿದ್ರು. "ಮೊದಲಿಂದ ಹಿಂಗೇನು?"

"ಇಲ್ರಿ. ಕಮಲಾಪುರದಾಗ ಇದ್ದಾಗ ಛಲೋ ಇತ್ತು. ನಮ್ಮ ಮನಿಗೆ ಬಂದ ಮ್ಯಾಲ ಹಿಂಗಾಗ್ಯಾದ."

"ಹೂಂ" ಅಂದ್ರು ಹಕೀಮರು. "ಎದಿಯಾಗಿನ ದುಃಖ. ಬಾದಾಮಿ, ಕೇಸರಿ ಹಾಕಿದ ಮಜೂನ್ ಕೊಡ್ತೀನಿ, ದಿನಾ ಚಮಚಾ ನೆಕ್ಕಿಸ್ರಿ. ಮತ್ತ ಸ್ವಲ್ಪ ದಿನ ತವರಿಗೆ ಕಳಸ್ರಿ."

ಗಿಣಿಗೂ ತವರು ಅದ ಅನ್ನೋದು ನನ್ನ ಗಂಡಗ ಸಟ್ಟನ ಹೊಳೀಲಿಲ್ಲ, ಆದ್ರ ದೊಡ್ಡ ಹಕೀಮರು, ಎದುರು ಮಾತಾಡೋದು ಹ್ಯಾಂಗ? ಏಳೋವಾಗ ನೆನಪಾಗಿ ಅಂದ್ರು, "ಮುಖ್ಯ ಮಾತ ಬಿಟ್ಟೆ ನೋಡ್ರಿ. ಮೂಗು ಭಾಳ ಉದ್ದ ಆಗ್ಯಾದ. ಬಾಗಿ ಬಾಯಾಗ ಹೊಂಟದ. ಅದಕ್ಕೇನರೆ ಮಾಡ್ರಿ."

ಹಕೀಮರು "ತೌಬಾ ತೌಬಾ" ಅಂತ ಮಾರಿ ತಿರುವಿದ್ರು. "ಸಾಹುಕಾರ್, ಅದನ್ನ ಲಗ್ನಕ್ಕಿಂತ ಮೊದಲ ನೋಡಬೇಕಾಗಿತ್ತು."

ಮಜೂನು

ಗಿಣಿ ಮಜೂನ್ ಮೂಸಿ ನೋಡಲಿಲ್ಲ. ಅತ್ತಿ ಬಟ್ಟಲ ಹಿಡಕೊಂಡು ನಿಂತಿದ್ರು. "ಇಷ್ಟು ಬಾದಾಮಿ, ಇಷ್ಟು ಕೇಸರಿ. ಚೆಲ್ಲಾಕ ಬರ್ತದೇನು? ಪಾಪ ಹತ್ತತದ" ಅಂತ ಪಾಪಕ್ಕ ಅಂಜಿ ತಾವ ಒಂದು ಚಮಚಾ ತಿಂದ್ರು. ಮರುದಿನಾನೂ ಅಂಜಿದ್ರು. ದಿನಾ ಅಂಜಿದ್ರು. ಗಲ್ಲ ಕೆಂಪಗಾದ್ವು, ಮೊಳಕಾಲು ನೋವು ಹೋಯ್ತು. ಹಕೀಮರ ಕೈಗುಣ ಭಾಳ ಛಲೋ ಅಂತ ಓಣಿಯೆಲ್ಲ ಹೇಳಿ ಬಂದ್ರು. ಯಾರೋ ಕೇಳಿದ್ರಂತ, "ಹಂಗಾದ್ರ ಗಿಣಿ ಆರಾಮಾಯ್ತಾ?" ಅಂತ.

"ಗಿಣಿಗೇನಾಗಿತ್ತು?" ಅಂದ್ರಂತ ಅತ್ತಿ.

ಹಜಾಮರ ಕೈಚಳಕ

ಆಮ್ಯಾಲ ನಮ್ಮ ಮಾವಗ ಒಂದು ವಿಚಾರ ಹೊಳೀತು. ಅವರಿಗೆ ವಿಚಾರ ಹೊಳದ್ರ ಮನ್ಯಾಗ ಏನಾದ್ರೂ ಒಡೀತಿತ್ತು. ಕೊಕ್ಕು ಅಂದ್ರ ಉಗುರಿನ ಜಾತಿ, ಉಗುರು ತಗಿಯೋದು ಹಜಾಮರ ಕೆಲಸ, ಅಂದ್ರ ಹಜಾಮರನ್ನ ಕರಸ್ರಿ. ನವಾಬಿ ಮೂಗು ನವಾಬಿ ಆಗೇ ಇರಬೇಕು, ತುದಿ ಅಷ್ಟು ತಗದು ಊಟಕ್ಕ ದಾರಿ ಮಾಡಬೇಕು.

ಉಗುರಿನಂಗ ಅನ್ನೋದು ಖರೆ, ಉಗುರಿನ ಬುಡಕ್ಕ ರಕ್ತ ಇದ್ದಂಗ ಕೊಕ್ಕಿನ ಒಳಗೂ ರಕ್ತ ಅದ. ಬಿಸಿಲಿಗೆ ಹಿಡದು ನಾ ನೋಡಿದ್ದೆ, ಒಳಗ ಕಪ್ಪನ ಗೆರಿ ಅರ್ಧಕ್ಕಿಂತ ಮುಂದ ಬಂದಿತ್ತು. ಕತ್ತಿ ಹಾಕಿದ್ರ ಗಿಣಿ ರಕ್ತ ಹೋಗಿ ಸಾಯ್ತದ. ಆದ್ರ ಸೊಸಿ ಮಾವಗ ನೇರ ಹೇಳೋ ಪದ್ಧತಿ ಇದ್ದಿಲ್ಲ. ಅತ್ತಿಗೆ ಹೇಳಿದೆ, "ಒಳಗ ರಕ್ತ ಅದ್ರಿ, ಕತ್ತರಸಬ್ಯಾಡ ಅನ್ರಿ." ಅತ್ತಿ ಪರದೆಯಿಂದ ತಲಿ ಹಾಕಿ, "ಗಿಣಿ ರಕ್ತದಾಗ ಏನೋ ಅದಂತ" ಅಂದ್ರು. ಮಾವ, "ರಕ್ತ ಕೆಟ್ಟದೇನು? ಹಂಗಾದ್ರ ಜಲ್ದಿ ತಗೀರಿ" ಅಂದ್ರು. ನಮ್ಮ ಮನ್ಯಾಗ ಸೊಸಿ ಮಾತಿಗೆ ಇಷ್ಟು ಬೆಲಿ ಇತ್ತು.

ಹಜಾಮರು ಕ್ಷೌರದ ಪೂರಾ ಮರ್ಯಾದಿ ಮಾಡಿದ್ರು. ಗಿಣಿ ಕೊರಳಿಗೆ ಅರಿವಿ ಸುತ್ತಿದ್ರು, ನೀರು ಚಿಮುಕಿಸಿದ್ರು, ಕತ್ತಿ ಮಸದ್ರು. ಅಷ್ಟಕ್ಕ ಬಿಡದ "ಮೂಗು ಭಾರಿ ಅದ, ಮನಷ್ಯಾರಿಗಾಗಿದ್ರ ಕೆಳಗ ಒಂದು ಮೀಸಿ ಚಂದ ಒಪ್ಪತಿತ್ತು" ಅಂತ ನಗಚಾಟಕಿ ಬ್ಯಾರೆ. ಎಡಗೈಲೆ ಗದ್ದ ಹಿಡದು ಮಾರಿ ಮ್ಯಾಲೆತ್ತಾಕ ಹೋದ್ರು, ಗಿರಾಕಿಗೆ ಮಾಡಿದಂಗ. ಶೇಂಗಾ ಹಿಡಿಯಾಕ ಬರದ ಆ ಕೊಕ್ಕು ಅವರ ಬೆರಳು ಮಾತ್ರ ಹ್ಯಾಂಗ ಹಿಡೀತೋ ದೇವರ ಬಲ್ಲ! ಕೊಂಡಿ ಹಾಕಿದಂಗ ಹಿಡೀತು. ಹಜಾಮರು ಕೂಗಿದ ಕೂಗಿಗೆ ಎದುರಿನ ಅತ್ತರ ದುಕಾನದವರು ಶೀಸೆ ಬಿಟ್ರು. ಓಣಿ ಆ ಹೊತ್ತು ಘಮಘಮ.

ಗಿಣಿ ಕೊಕ್ಕು ಇದ್ದಷ್ಟ ಇತ್ತು. ಹಜಾಮರ ಉಗುರು ಮಾತ್ರ ನೀಟಾಗಿ ತಗದಿತ್ತು.

ಜಡ್ಡು ಯಾರಿಗೆ

ಅವತ್ತಿಂದ ಗಿಣಿ ಬಾಳಿಹಣ್ಣು ಸೈತ ನೆಕ್ಕಲಿಲ್ಲ. ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಹಿತ್ತಾಳಿ ಕೋಲಿನ ಮ್ಯಾಲ ಕುಂತಿತ್ತು. ನಾ ಹಾಲಿನಾಗ ಅರಿವಿ ಅದ್ದಿ ಹನಿ ಹನಿ ಬಾಯಿಗೆ ಬಿಟ್ಟೆ. ಹೊರಗ ನನ್ನ ಗಂಡ ಅಕ್ಕಸಾಲಿಗರ ಇಕ್ಕಳದ ಸುದ್ದಿ ಮಾತಾಡಾಕತ್ತಿದ್ರು. ಇನ್ನ ಸುಮ್ಮನಿದ್ರ ನನ್ನ ಗಿಣಿ ನನ್ನ ಕೈಯಾಗ ಸಾಯ್ತದ ಅಂತ ಖಾತ್ರಿ ಆಯ್ತು.

"ಅತ್ತೀರಿ, ಹಕೀಮರು ತವರಿಗೆ ಕಳಸ್ರಿ ಅಂದಾರಲ್ರಿ" ಅಂದೆ.

ಹಕೀಮರ ಮಾತು ಅಂದ ಮ್ಯಾಲ ಮಾವಾನೂ ಇಲ್ಲ ಅನ್ನಲಿಲ್ಲ. ಗಿಣಿ ತವರಿಗೆ ಹೋಗಬೇಕು, ಗಿಣಿ ಒಂದ ಬಂಡಿ ಏರಾಕ ಬರಂಗಿಲ್ಲ, ಆದ್ದರಿಂದ ಕೂಡ ನಾ. ಅತ್ತಿಗೆ ಮಾತ್ರ ಸೊಸಿ ತವರಿಗೆ ಹೊಂಟಳು ಅಂದ್ರ ಸಿಟ್ಟು. "ನೀ ಯಾಕ ಹೋಗಬೇಕು? ಗಿಣಿ ಬಂಡಿಯವನ ಕೈಯಾಗ ಕೊಟ್ಟು ಕಳಸೋಣು. ಜಡ್ಡು ಆದವರನ್ನ ಅಷ್ಟ ತವರಿಗೆ ಕಳಸ್ರಿ ಅಂದಾರ ಹಕೀಮರು."

ನನಗೂ ತಲಿ ಕೆಟ್ಟಿತ್ತು. "ಖರೆ ಅದ್ರಿ. ಹಂಗ ನೋಡಿದ್ರ ಔಷಧ ತಿಂದವರು ನೀವು. ಬಂಡಿ ಕಟ್ಟಸ್ಲೇನು ನಿಮ್ಮ ತವರಿಗೆ?" ಅಂದೆ.

ಅತ್ತಿ ತವರಿನಾಗ ಅವರ ತಮ್ಮನ ಹೆಂಡತಿ ಇದ್ಲು, ಅತ್ತಿಗಿಂತ ಗಟ್ಟಿ ಬಾಯಿ. ನನ್ನ ಬಂಡಿ ಊಟಕ್ಕಿಂತ ಮೊದಲ ಹೊಂಟಿತು.

ಕಮಲಾಪುರದಾಗ

ದಾರಿ ತುಂಬ ವಿಚಾರ ಮಾಡ್ಕೋಂತ ಹೋದೆ. ತವರಿನಾಗ ಇದ್ದಾಗ ಯಾಕ ಬೆಳೀಲಿಲ್ಲ ಇದರ ಕೊಕ್ಕು? ಅಲ್ಲಿ ಬಿದಿರು ಕಡೀತಿತ್ತು, ಬೇವಿನ ಟೊಂಗಿ ಸೀಳತಿತ್ತು, ತೆನಿಯಿಂದ ಜೋಳ ತಾನ ಬಿಡಿಸಿಕೊಂಡು ತಿಂತಿತ್ತು. ಕೊಕ್ಕು ಬೆಳದಷ್ಟೂ ಸವೀತಿತ್ತು. ಗಂಡನ ಮನ್ಯಾಗ ಕಡಿಯಾಕ ಏನಿತ್ತು, ಹಿತ್ತಾಳಿ? ಹಲ್ಲಿಲ್ಲದ ಮುದುಕರಿಗೆ ಹಾಕಿದಂಗ ಮೆತ್ತಗಿಂದು, ಎಣ್ಣಿಂದು ಹಾಕಿ ಹಾಕಿ ನಾವ ಕೆಡಿಸಿದ್ವಿ. ಇಷ್ಟು ಸಣ್ಣ ಮಾತು ತಿಳೀಲಿಲ್ಲಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟು ಬಂತು.

ಬಂಡಿ ಇಳಿದವಳೇ, "ಇದಕ್ಕ ಬಾಳಿಹಣ್ಣು ಬಂದ್" ಅಂದೆ. ನಮ್ಮಪ್ಪ ಸೆಟೆದು ನಿಂತ. ಕೆಂಪು ಬಾಳಿಗೆ ಯಾರಾದ್ರೂ ಒಂದು ಮಾತಂದ್ರ ಅವಗ ಅವ್ವನ್ನ ಬೈದಂಗ. "ನಮ್ಮ ಹಣ್ಣು ತಿಂದು ಯಾರ ಮೂಗು ಬೆಳದಾವ ತೋರಸು! ಇಡೀ ಕಮಲಾಪುರ ತಿಂತದ, ಎಲ್ಲಾರ ಮೂಗೂ ಇದ್ದಲ್ಲೇ ಅದಾವ."

"ಇಡೀ ಕಮಲಾಪುರ ಹೊಲದಾಗ ದುಡೀತದ ಯಪ್ಪಾ, ಅದಕ್ಕ" ಅಂದೆ. ಅವ ಎರಡು ದಿನ ನನ್ನ ಕೂಡ ಮಾತು ಬಿಟ್ಟ.

ಅವ್ವ ಗಿಣೀನ ಹಳೇ ಸೀರಿ ತುಂಡಿನಾಗ ಸುತ್ತಿ ಹಿಡದಳು, ಎದಿ ಒತ್ತದಂಗ. ನಾ ಹಿಮ್ಮಡಿ ತಿಕ್ಕೋ ನುಣುಪು ಕಲ್ಲು ತಗೊಂಡು ಕೊಕ್ಕಿನ ತುದಿ ತಿಕ್ಕಿದೆ. ಕತ್ತರಿಸಲಿಲ್ಲ. ದಿನಾ ಒಂದೀಟು. ಬಿಸಿಲಿಗೆ ಹಿಡದು ಆ ಕಪ್ಪು ಗೆರಿ ನೋಡ್ಕೋಂತ, ಅದರ ಹತ್ರ ಹೋಗದಂಗ. ಮೊದಲು ನೆನಸಿದ ಜೋಳದ ನುಚ್ಚು ಬಾಯಿಗೆ ಇಟ್ವಿ, ಆಮ್ಯಾಲ ಹಸೀ ಸೊಪ್ಪು, ದೋರಗಾಯಿ ಪೇರಲ. ಬೇವಿನ ಟೊಂಗಿ ಕಟ್ಟಿದ್ವಿ. ಕಿರಾಣಿಯಿಂದ ಸಮುದ್ರದ ನೊರಿ ಅಂತಾರಲ್ಲ, ಆ ಬಿಳೀ ಬಿಲ್ಲಿ, ಕೊಕ್ಕು ತಿಕ್ಕಿಕೊಳ್ಳಾಕ ಅದನ್ನೂ ತಂದು ತೂಗು ಬಿಟ್ವಿ. ಕೆಲವು ದಿನ ಎಲ್ಲಾ ಸುಮ್ಮನ ನೋಡ್ತು. ಒಂದು ಮುಂಜಾನಿ ಕಟ್‌ ಅಂತ ಸಪ್ಪಳ. ತಿರುಗಿ ನೋಡಿದ್ರ ಗಿಣಿ ಜೋಳದ ತೆನಿ ಕಾಲಾಗ ಒತ್ತಿ ಹಿಡದು ಕಾಳು ಒಡ್ಯಾಕತ್ತದ. ನಾ ನೆಲದ ಮ್ಯಾಲ ಕುಂತು ಜೋರಾಗಿ ಅತ್ತೆ. ಲಗ್ನದಾಗ ಅಳದೇ ಇದ್ದಿದ್ದೂ ಕೂಡಿ ಅತ್ತೆ ಅಂತ ಅವ್ವ ಅಂದ್ಲು.

ಆಮ್ಯಾಲ ಅದು ಟೊಂಗಿ ಕಡೀತು, ನಾ ಹೊಸದಾಗಿ ಹೆಣದ ಬಿದಿರಿನ ಪಂಜರದ ಬಾಗಲಾ ಕಡೀತು, ನಮ್ಮಪ್ಪನ ಕೋಲಿನ ಹಿಡಕಿ ಕಡೀತು. ಮಾತೂ ಬಂತು. ನಮ್ಮಪ್ಪ ರುಮಾಲು ತಗದಿಟ್ರ ಅವನ್ನ ಗುರುತ ಹಿಡೀತಿದ್ದಿಲ್ಲ, ಸುತ್ತಿಕೊಂಡ ಮ್ಯಾಲ "ಶರಣ್ರೀ" ಅಂತಿತ್ತು.

ಇಷ್ಟರಾಗ ನನ್ನ ಗಂಡ ಬಂದ್ರು. ಟಾಂಗಾ ನಿಂತ ಸಪ್ಪಳಕ್ಕ ನಾ ತಲಿ ಬಾಚಿಕೊಂಡು ಹೊರಗ ಬಂದೆ. ಅವರು ನನ್ನ ತಲಿ ಮ್ಯಾಲಿಂದ ಪಂಜರದ ಕಡೆ ನೋಡಿ, "ಆರಾಮ ಅದೇನು?" ಅಂದ್ರು.

"ನಾ ಆರಾಮ ಇದ್ದೀನ್ರಿ" ಅಂದೆ.

ಅವರಿಗೆ ಕೇಳಿಸಲಿಲ್ಲ. ಪಂಜರದ ಮುಂದ ಕಲ್ಲಾಗಿ ನಿಂತಿದ್ರು. "ಮೂಗು ಎಲ್ಲಿ?" ಅಂತ ಒದರಿದ್ರು. "ಪೇಶ್ಕಾರರು ದೌರಾ ಮುಗಿಸಿ ಬಂದಾರ. ಸಾಹೇಬರ ಮುಂದ ಮೂಗಿನ ಮಾತೆಲ್ಲ ಹೇಳಿ ಬಿಟ್ಟಾರಂತ. ನಾಳೆ ಒಯ್ಯಾಕ ಬರ್ತಾರ. ಏನು ಮಾಡೀದಿ ನೀನು? ನಾ ಮಾತು ಕೊಟ್ಟೀನಿ!"

"ನೀವು ಕೊಟ್ಟಿದ್ದು ಮರ್ಯಾದಿ ಮಾತು. ಅವರು ತಗೊಂಡಿದ್ದು ನನ್ನ ಗಿಣಿ. ಅದು ಉಪವಾಸ ಬಿದ್ದಾಗ ಎಲ್ಲಿದ್ರು ಇವರೆಲ್ಲ?" ಅಂದೆ. ಲಗ್ನ ಆದಾಗಿಂದ ಅವರಿಗೆ ನಾ ಅಂದ ಎಲ್ಲಕ್ಕಿಂತ ಉದ್ದನ್ನ ಮಾತು ಅದು.

ಅವ್ವ ಅಳಿಯಗ ತಾಟು ಹಚ್ಚಿ, ತಾಟಿನಾಗ ಒಂದು ಜೋಳದ ತೆನಿ ಇಟ್ಟಳು. "ಈಗ ನಮ್ಮನ್ಯಾಗ ಎಲ್ಲಾರೂ ಕಡದ ತಿಂತಾರ್ರಿ" ಅಂದ್ಲು.

ಮೂಗು ಬೆಳಿಯೋ ಬಗಿ

ಮರುದಿನ ಶಹಾಬಜಾರದಾಗ ದುಕಾನ ಒರಸಿ ಗಾದಿ ಹಾಸಿತ್ತು. ನನ್ನನ್ನೂ ಗಿಣೀನೂ ಗಂಡ ತಿರುಗಿ ಕರಕೊಂಡು ಬಂದಿದ್ರು, ಗಿಣಿ ಮತ್ತ ಹಿತ್ತಾಳಿ ಪಂಜರದಾಗ. ನಾ ಪರದೆ ಹಿಡಕೊಂಡು ನಿಂತಿದ್ದೆ. ಪರದೆ ಹರಿದು ಹೋಗೋವಷ್ಟು ಗಟ್ಟಿ ಹಿಡದಿದ್ದೆ ಅಂತ ಆಮ್ಯಾಲ ಗೊತ್ತಾಯ್ತು. ಇಷ್ಟು ದಿನ ಸಾವಿನ ಕೂಡ ಜಗಳಾಡಿ ಉಳಿಸಿಕೊಂಡೆ, ಈಗ ಒಂದು ಸಲಾಮಿಗೆ ಹೋಗ್ತದಲ್ಲ.

ಪೇಶ್ಕಾರರು ಬಂದ್ರು. ಹಿಂದ ಒಬ್ಬ ಜವಾನ, ಅವನ ಕೈಯಾಗ ಪಂಜರಕ್ಕ ಹೊದಿಸಾಕ ಮಖಮಲ್ಲಿನ ಹಚ್ಚಡ. ಗಿಣಿ ಅವರ ಟೊಪಗಿ ನೋಡಿ "ಆದಾಬ್ ಅರ್ಜ್" ಅಂತು. ಪೇಶ್ಕಾರರು ಆದಾಬ್ ತಗೊಳ್ಳಲಿಲ್ಲ. ಚಾಳೀಸ ಏರಿಸಿ ನೋಡಿದ್ರು, ಇಳಿಸಿ ನೋಡಿದ್ರು.

"ಇದ್ಯಾವ ಗಿಣಿ?"

"ಅದೇರಿ ಹುಜೂರ್" ಅಂದ್ರು ನನ್ನ ಗಂಡ.

"ಮೂಗು?"

ನನ್ನ ಗಂಡ ಮಾವನ ಕಡೆ ನೋಡಿದ್ರು. ಮಾವ ಮುಂದ ಬಿಚ್ಚಿಟ್ಟ ಅರಿವಿ ಗಂಟಿನ ಕಡೆ ನೋಡಿದ್ರು. "ಆರಾಮಾಗಿ ಸಣ್ಣದಾಯ್ತ್ರಿ" ಅಂದ್ರು ಗಂಡ, ಸಣ್ಣ ದನಿಲೆ.

"ಏನು ನಡಿಸೀರಿ ಸಾಹುಕಾರ್? ಇಂಥಾ ಗಿಣಿ ಬೇವಿನಮರದಾಗ ಬೇಕಾದಷ್ಟು ಸಿಗ್ತಾವ. ನಾ ಸಾಹೇಬರ ಮುಂದ ನವಾಬಿ ಮೂಗು ಅಂತ ಹೇಳಿ ಬಂದೀನಿ. ಅವರು ಬಂಗಲೆದಾಗ ಜಾಗಾ ಮಾಡಿಸ್ಯಾರ. ನನ್ನ ಮೂಗು ಏನಾಗಬೇಕು?" ಗಾದಿ ಮ್ಯಾಲ ಕುಂತ್ರು. ಅತ್ತಿ ಕಳಸಿದ ಬಾದಾಮಿ ಹಲ್ವಾ ಮುಂದ ಬಂತು, ಸಿಟ್ಟಿನಾಗೂ ಎರಡು ಚಮಚಾ ತಿಂದ್ರು. ತಿಂದ ಮ್ಯಾಲ ಸ್ವಲ್ಪ ಮೆತ್ತಗಾದ್ರು. "ಆಗಿದ್ದಾಯ್ತು. ಮತ್ತ ಬೆಳಸ್ರಿ. ಮೊದಲು ಹ್ಯಾಂಗ ಬೆಳದಿತ್ತು ಹಂಗ ಬೆಳಸ್ರಿ. ಏನು ಮಾಡಬೇಕು ಅಂತ ಹೇಳ್ರಿ, ನಾ ಬಂಗಲೆದಾಗ ಹಂಗ ಮಾಡಸ್ತೀನಿ."

ನನ್ನ ಗಂಡಗ ಗೊತ್ತಿದ್ರಲ್ಲ ಹೇಳಾಕ. ಮಾವನ ಕಡೆ ನೋಡಿದ್ರು, ಅಲ್ಲೂ ಏನಿಲ್ಲ. ಕಡೀಕ ನಾಕು ಮಂದಿ ಮುಂದ, ಲಗ್ನ ಆದ ಮ್ಯಾಲ ಮೊದಲನೇ ಸಲ, ಪರದೆ ಕಡೆ ತಿರುಗಿ ನನ್ನ ಕೇಳಿದ್ರು. "ಏನು ಮಾಡಿದ್ರ ಮೂಗು ಬೆಳೀತದ?"

ಅತ್ತಿ ನನ್ನ ಕೈ ಹಿಡದ್ರು, ತಮ್ಮ ಬಾಯಿಂದ ಹೇಳಾಕ. ಅತ್ತಿ ಬಾಯಿಂದ ಹೋದ್ರ ಮಾತು ಏನಾಗಿ ಮುಟ್ಟತದ ಅಂತ ನನಗ ಗೊತ್ತಿತ್ತು. ಕೈ ಬಿಡಿಸಿಕೊಂಡು, ತಲಿ ಮ್ಯಾಲ ಸೆರಗು ಎಳಕೊಂಡು, ನಾನ ಹೇಳಿದೆ. ದುಕಾನ ತುಂಬ ಕೇಳೋವಂಗ ಹೇಳಿದೆ.

"ಭಾಳ ಸರಳ ಅದ್ರಿ. ಮುಂಜಾನಿಂದ ಸಂಜಿ ತನಕ ಥಳಥಳ ಹೊಳಿಯೋ ಜಾಗಾದಾಗ ಕುಂಡರಸಬೇಕು. ಕೆಲಸ ಅಂತ ಒಂದೂ ಕೊಡಬಾರದು. ಬಂದವರು ತಂದು ಇಟ್ಟಿದ್ದು ತಿನ್ನಬೇಕು, ಅದೂ ಮೆತ್ತಗಿಂದ ತಿನ್ನಬೇಕು. ದೊಡ್ಡವರು ಬಂದ್ರ ಬಾಗಿ ಆದಾಬ್ ಅನ್ನಬೇಕು, ಮತ್ತೇನೂ ಅನ್ನಬಾರದು. ಹಿಂಗ ಸ್ವಲ್ಪ ದಿನ ಇದ್ರ ಸಾಕ್ರಿ, ಗಿಣಿ ಅಂತ ಏನಿಲ್ಲ, ಯಾರ ಮೂಗಾದ್ರೂ ಬೆಳೀತದ."

ಮಾವ ಬಿಚ್ಚಿದ ಗಂಟನ್ನ ಮತ್ತ ಬಿಚ್ಚಾಕ ಹತ್ತಿದ್ರು. ಜವಾನ ಹಚ್ಚಡದಾಗ ಮಾರಿ ಮುಚ್ಚಿಕೊಂಡ, ಭುಜ ಕುಣ್ಯಾಕತ್ತಿದ್ವು. ಪೇಶ್ಕಾರರು ಮೂರನೇ ಚಮಚಾ ಹಲ್ವಾ ಬಾಯಿ ತನಕ ತಂದಿದ್ದನ್ನ ತಿರುಗಿ ಬಟ್ಟಲಾಗ ಇಟ್ರು. ಅವರ ಕೈ ಹಗುರಕ ಮ್ಯಾಲ ಹೋಯ್ತು, ತಮ್ಮ ಮೂಗು ಮುಟ್ಟಿತು, ತುದಿ ತನಕ ಸವರಿ ನೋಡಿತು.

ಎದ್ದು ಹೊಂಟ್ರು. ಗಿಣಿ ಕೇಳಲಿಲ್ಲ, ಹಚ್ಚಡ ಕೇಳಲಿಲ್ಲ. ಟಾಂಗಾ ಓಣಿ ದಾಟೋ ತನಕ ನಾ ಕಿಡಕ್ಯಾಗ ನಿಂತು ನೋಡಿದೆ. ಒಂದು ಕೈಲೆ ಟಾಂಗಾದ ಕಂಬಿ ಹಿಡದಿದ್ರು. ಇನ್ನೊಂದು ಕೈ ಇನ್ನಾ ಮೂಗಿನ ಮ್ಯಾಲೇ ಇತ್ತು.